ದಾವಣಗೆರೆ ಬಿಸಿಲಿಗೆ ಎಷ್ಟು ಬೂಸ್ಟ್? ಮನೆಯಲ್ಲೇ ಕೂರಿಸಿದ ಟರ್ಬೊಗೆ 5, 7, 10, 15 ಪಿಎಸ್‌ಐ ಹೋಲಿಕೆ

ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಪಿಸ್ಟನ್, ರಾಡ್ ಎಲ್ಲ ಕಂಪನಿಯದೇ ಇರುವ, 9ರಿಂದ 9.5 ಕಂಪ್ರೆಷನ್ನಿನ (ಪಿಸ್ಟನ್ ಗಾಳಿಯನ್ನು ಅಷ್ಟು ಪಟ್ಟು ಹಿಂಡುವ) ಹಳೆಯ ಪೆಟ್ರೋಲ್ ಎಂಜಿನ್ನಿಗೆ ನೀವೇ ಟರ್ಬೊ, ಅಂದರೆ ಎಂಜಿನ್ ಹೊಗೆಯ ರಭಸಕ್ಕೆ ತಿರುಗಿ ಒಳಗೆ ಜಾಸ್ತಿ ಗಾಳಿ ಒತ್ತುವ ಪಂಪು, ಕೂರಿಸಿದ್ದೀರಿ ಅಂದುಕೊಳ್ಳಿ. ಹಾಗೆ ಒತ್ತುವ ಹೆಚ್ಚುವರಿ ಒತ್ತಡವೇ ಬೂಸ್ಟ್. ದಾವಣಗೆರೆ, ಚಿತ್ರದುರ್ಗದ ಕಡೆ ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ರೇಡಿಯೇಟರ್) ಇಲ್ಲದಿದ್ದರೆ 5 ಪಿಎಸ್‌ಐ, ಇದ್ದರೆ 7 ಪಿಎಸ್‌ಐ. ಅಲ್ಲಿಗೆ ನಿಲ್ಲಿಸಿ. 10ಕ್ಕೆ ಹೋಗಬೇಕು ಅಂದರೆ ಬೂಸ್ಟ್ ಏರಿಸುವ ಮೊದಲು ಎಂಜಿನ್ ಬಿಚ್ಚಬೇಕು. 15 ಅನ್ನೋದು ಬೇರೆಯೇ ಕಾರು.

ಈ ಉತ್ತರಕ್ಕೆ ಬರಲು ನನಗೆ ಒಂದು ಪಿಸ್ಟನ್ ಖರ್ಚಾಯಿತು. ಅದರ ಕಥೆ ಮುಂದೆ ಬರುತ್ತದೆ.

ಕಾನೂನಿನ ಮಾತನ್ನೂ ಈಗಲೇ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಟರ್ಬೊ ಹಾಕಿದ ಕಾರು ಹೆದ್ದಾರಿಯಲ್ಲಿ ಯಾರಿಗಾದರೂ ತಾಗಿತು ಅಂದರೆ ಇನ್ಶೂರೆನ್ಸ್‌ನವರು ಮೊದಲು ಬಾನೆಟ್ಟನ್ನೇ ಎತ್ತುತ್ತಾರೆ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಖಾಸಗಿ ಜಾಗದಲ್ಲಿ, ಇಲ್ಲವೇ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಟ್ರ್ಯಾಕಿನಲ್ಲಿ ಓಡಿಸುವ ಕಾರಿಗೆ.

ಅಳತೆ ಸರಿ ಮಾಡಿಕೊಳ್ಳೋಣ

ನಮ್ಮಲ್ಲಿ ಟೈರಿಗೆ ಗಾಳಿ ಹಿಡಿಸುವಾಗ "30 ಪಾಯಿಂಟ್ ಹಾಕು" ಅನ್ನುತ್ತೇವಲ್ಲ, ಆ ಪಾಯಿಂಟೇ ಪಿಎಸ್‌ಐ. 14.5 ಪಿಎಸ್‌ಐ ಸೇರಿದರೆ 1 ಬಾರ್. ಬೂಸ್ಟ್ ಮೀಟರಿನಲ್ಲಿ ಕಾಣುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಒತ್ತಡ ಇದೆ ಅನ್ನೋದು. ಹೊರಗಿನ ಗಾಳಿಯ ಒತ್ತಡ ಎಲ್ಲ ಊರಲ್ಲೂ ಒಂದೇ ಅಲ್ಲ. ಮಂಗಳೂರಿನ ಕಡಲ ದಡದಲ್ಲಿ ಅದು 1.01 ಬಾರ್. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ಸುಮಾರು 0.94. ಚಿತ್ರದುರ್ಗ ಇನ್ನೂ ಸ್ವಲ್ಪ ಮೇಲೆ, ಅಲ್ಲಿ 0.93ರ ಆಸುಪಾಸು.

ಹಾಗಾಗಿ 7 ಪಿಎಸ್‌ಐ, ಅಂದರೆ 0.48 ಬಾರ್ ಬೂಸ್ಟ್ ಬಂದಾಗ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒಳಗೆ ಇರುವ ನಿಜವಾದ ಒತ್ತಡ 1.42 ಬಾರ್. ಎಂಜಿನ್ ಕಂಪ್ಯೂಟರಿಗೆ ಕಾಣುವುದು ಇದೇ. ಬೂಸ್ಟ್ ಮೀಟರ್ ಒಂದು ಲೆಕ್ಕ, ಮ್ಯಾನಿಫೋಲ್ಡಿನ ಈ ಪೂರ್ತಿ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇನ್ನೊಂದು ಲೆಕ್ಕ. ಎರಡನ್ನೂ ಕಲಸಿಕೊಂಡು ಫ್ಯುಯೆಲ್ ಕಟ್ (ಒತ್ತಡ ಮಿತಿ ಮೀರಿದರೆ ಪೆಟ್ರೋಲ್ ನಿಲ್ಲಿಸುವ ಏರ್ಪಾಟು) ಎಲ್ಲೋ ಮೇಲೆ ಇಟ್ಟವರನ್ನು ನೋಡಿದ್ದೇನೆ. ಇನ್ನೊಂದು ಮಾತು. ಟರ್ಬೊ ಇಲ್ಲದ ಕಾರಿನ ಮ್ಯಾಪ್ ಸೆನ್ಸರಿಗೆ 1 ಬಾರ್‌ಗಿಂತ ಮೇಲೆ ಹೆಚ್ಚೇನೂ ಕಾಣುವುದಿಲ್ಲ. ನೀವು 10 ಪಿಎಸ್‌ಐ ತುಂಬಿದರೂ ಅದು "ಪೂರ್ತಿ ಆಕ್ಸಿಲರೇಟರ್ ಒತ್ತಿದ್ದಾರೆ" ಅಂತಷ್ಟೇ ಹೇಳುತ್ತದೆ. ಸೆನ್ಸರ್ ಬದಲಿಸದೆ ಬೂಸ್ಟ್ ಬಗ್ಗೆ ಯೋಚನೆಯೇ ಬೇಡ.

ಒತ್ತಡಕ್ಕಿಂತ ಕಾವು ದೊಡ್ಡದು

ಸೈಕಲ್ ಪಂಪು ಹೊಡೆದಾಗ ಅದರ ಬುಡ ಬಿಸಿಯಾಗುತ್ತದಲ್ಲ, ಟರ್ಬೊದಲ್ಲೂ ಅದೇ ನಡೆಯುತ್ತದೆ. ಗಾಳಿ ಒತ್ತಿದಷ್ಟೂ ಕಾಯುತ್ತದೆ. ಎಷ್ಟು ಅಂತ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯ ಆಯಿತು.

ಏಪ್ರಿಲ್ ಮಧ್ಯಾಹ್ನ, ಹೊರಗೆ 38 ಡಿಗ್ರಿ. ಟರ್ಬೊದ ಗಾಳಿ ಒತ್ತುವ ಭಾಗವಾದ ಕಂಪ್ರೆಸರ್ 65 ಪರ್ಸೆಂಟ್ ದಕ್ಷತೆಯಲ್ಲಿ ಕೆಲಸ ಮಾಡುತ್ತಿದೆ ಅಂದುಕೊಳ್ಳಿ. ಗುಜರಿಯಿಂದ ತಂದ ಟರ್ಬೊಗೆ ಅದೇ ಜಾಸ್ತಿ. 5 ಪಿಎಸ್‌ಐಗೆ ಗಾಳಿ ಸುಮಾರು 83 ಡಿಗ್ರಿ ಆಗಿ ಹೊರಬರುತ್ತದೆ. 7ಕ್ಕೆ 98. 10ಕ್ಕೆ 119. 15ಕ್ಕೆ 150. ಚಹಾ ಕುದಿಯುವುದಕ್ಕಿಂತ ಬಿಸಿ ಗಾಳಿಯನ್ನು ಸಿಲಿಂಡರಿಗೆ ತುಂಬಿ, ಅದನ್ನು ಪಿಸ್ಟನ್ನಿನಿಂದ ಇನ್ನೂ ಒಂಬತ್ತು ಪಟ್ಟು ಒತ್ತಿ, ಪೆಟ್ರೋಲು ತಾನಾಗಿ ಹೊತ್ತಿಕೊಳ್ಳಬಾರದು ಅಂತ ಬಯಸುತ್ತಿದ್ದೇವೆ.

ಇಂಟರ್‌ಕೂಲರ್ ಇದ್ದರೆ ಈ ಹೆಚ್ಚುವರಿ ಬಿಸಿಯಲ್ಲಿ ಮೂರರಲ್ಲಿ ಎರಡು ಪಾಲು ಇಳಿಯುತ್ತದೆ. 7 ಪಿಎಸ್‌ಐನ ಗಾಳಿ 60ರ ಹತ್ತಿರಕ್ಕೆ ಬರುತ್ತದೆ, 10ರದ್ದು 65ಕ್ಕೆ.

ಇದರಿಂದ ಒಳಗೆ ಹೋಗುವ ಗಾಳಿ ಎಷ್ಟು ಜಾಸ್ತಿ ಆಗುತ್ತದೆ ಅನ್ನುವುದನ್ನು ನೋಡಿ. ಇಂಟರ್‌ಕೂಲರ್ ಇಲ್ಲದೆ 7 ಪಿಎಸ್‌ಐ ತುಂಬಿದರೆ ಟರ್ಬೊ ಇಲ್ಲದಾಗಿನಕ್ಕಿಂತ ಸುಮಾರು 27 ಪರ್ಸೆಂಟ್ ಜಾಸ್ತಿ ಗಾಳಿ. ಇಂಟರ್‌ಕೂಲರ್ ಹಾಕಿ ಬರೀ 5 ಪಿಎಸ್‌ಐ ತುಂಬಿದರೆ 30 ಪರ್ಸೆಂಟ್! ಹಾಗೆಯೇ ಕೂಲರ್ ಇಲ್ಲದ 10ಕ್ಕೆ 38 ಪರ್ಸೆಂಟ್, ಕೂಲರ್ ಇರುವ 7ಕ್ಕೆ 41. ಅಂದರೆ ಒಂದು ಇಂಟರ್‌ಕೂಲರ್ ಹಾಕಿದರೆ ಕೆಳಗಿನ ಮೆಟ್ಟಿಲಲ್ಲೇ ನಿಂತು ಮೇಲಿನ ಮೆಟ್ಟಿಲಿನ ಗಾಳಿ ಸಿಗುತ್ತದೆ, ಅದೂ ತಣ್ಣಗೆ. ಬೂಸ್ಟ್ ಏರಿಸುವ ಕಂಟ್ರೋಲರಿಗೆ ದುಡ್ಡು ಎತ್ತಿಟ್ಟಿದ್ದರೆ ಅದನ್ನು ಇಂಟರ್‌ಕೂಲರಿಗೆ ಹಾಕಿ. ಡೀಸೆಲ್ ಕಾರುಗಳ ಇಂಟರ್‌ಕೂಲರ್ ಗುಜರಿಯಲ್ಲಿ ಸಿಗುತ್ತದೆ. ಒಳಗೆ ಎಣ್ಣೆ ಕಟ್ಟಿರುತ್ತದೆ, ಚೆನ್ನಾಗಿ ತೊಳೆದು ಒಣಗಿಸಬೇಕು, ಅಷ್ಟೇ. ಆ ಎಣ್ಣೆ ಸಿಲಿಂಡರಿಗೆ ಹೋದರೆ ಪೆಟ್ರೋಲಿನ ಆಕ್ಟೇನನ್ನೇ, ಅಂದರೆ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣವನ್ನೇ ಇಳಿಸುತ್ತದೆ.

ಮಂಡಕ್ಕಿ ಸದ್ದು

ದಾವಣಗೆರೆಯವರಿಗೆ ನಾಕಿಂಗ್ ಅಂದರೆ ಏನು ಅಂತ ವಿವರಿಸುವುದು ಸುಲಭ. ಮಂಡಕ್ಕಿ ಭಟ್ಟಿಯ ಮುಂದೆ ನಿಂತಿದ್ದೀರಾ? ಕಾದ ಮರಳಿಗೆ ಅಕ್ಕಿ ಬಿದ್ದಾಗ ಚಟಚಟ ಅನ್ನುತ್ತದಲ್ಲ, ಎಂಜಿನ್ ನಾಕ್ ಆಗುವ ಸದ್ದೂ ಹಾಗೇ. ಸ್ಪಾರ್ಕ್ ಪ್ಲಗ್ ಹಚ್ಚಿದ ಬೆಂಕಿ ಸಿಲಿಂಡರಿನ ತುಂಬ ಹರಡುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲು, ಗಾಳಿ ತಾನಾಗಿ ಒಟ್ಟಿಗೆ ಸಿಡಿಯುತ್ತದೆ. ಆ ಏಟು ಪಿಸ್ಟನ್ನಿನ ತಲೆಗೆ, ಗ್ಯಾಸ್ಕೆಟ್ಟಿಗೆ, ರಿಂಗುಗಳ ನಡುವಿನ ತೆಳು ಅಂಚಿಗೆ ಬೀಳುತ್ತದೆ.

ಟರ್ಬೊ ಇಲ್ಲದ ಕಾರು ಸ್ವಲ್ಪ ನಾಕ್ ಆದರೆ ವರ್ಷಗಟ್ಟಲೆ ಸಹಿಸುತ್ತದೆ. ಬೂಸ್ಟ್ ಇರುವಾಗ ಕೆಲವೇ ಸೆಕೆಂಡು ಸಾಕು. ಮೇಲಾಗಿ ಸೈಲೆನ್ಸರ್ ಸದ್ದು ಜೋರಿದ್ದರೆ ಕಿವಿಗೆ ಕೇಳುವುದೇ ಇಲ್ಲ. ಆ ಸದ್ದಿನ ಕಂಪನ ಎಷ್ಟು ಅನ್ನುವುದು ಬೋರಿನ, ಅಂದರೆ ಸಿಲಿಂಡರಿನ ಒಳ ಅಗಲದ ಮೇಲೆ ನಿಂತಿರುತ್ತದೆ. 74 ಮಿ.ಮೀ. ಬೋರಿಗೆ ಸುಮಾರು 7.7 ಕಿಲೋಹರ್ಟ್ಸ್. ಬ್ಲಾಕಿಗೆ ನಾಕ್ ಸೆನ್ಸರ್ ಬಿಗಿದು, ಅದರ ಸದ್ದನ್ನು ಆಂಪ್ಲಿಫೈಯರ್ ಮೂಲಕ ಹೆಡ್‌ಫೋನಿನಲ್ಲಿ ಕೇಳುವುದು ಒಳ್ಳೆಯ ದಾರಿ. ಇಲ್ಲವಾದರೆ ಪ್ಲಗ್ ಓದಲು ಕಲಿಯಿರಿ. ಪೂರ್ತಿ ಲೋಡಿನಲ್ಲಿ ಓಡಿಸಿ, ಅಲ್ಲೇ ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ಬಿಳಿ ಪಿಂಗಾಣಿಯನ್ನು ಭೂತಕನ್ನಡಿಯಲ್ಲಿ ನೋಡಿ. ಮೆಣಸಿನ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕೆ ಇಲ್ಲವೇ ಹೊಳೆಯುವ ಸಣ್ಣ ಕಾಳು ಕಂಡರೆ ನಾಕ್ ಶುರುವಾಗಿದೆ. ಆ ಹೊಳೆಯುವ ಕಾಳು ನಿಮ್ಮ ಪಿಸ್ಟನ್ನಿನದೇ ಅಲ್ಯೂಮಿನಿಯಂ.

5 ಪಿಎಸ್‌ಐ

ಹೊಸಬರಿಗೆ ಇದು. ಇಂಟರ್‌ಕೂಲರ್ ಇಲ್ಲದೆಯೂ ನಡೆಯುತ್ತದೆ, ಕಂಪನಿ ಗ್ಯಾಸ್ಕೆಟ್ ತಡೆಯುತ್ತದೆ. ಕಂಪನಿ ಲೆಕ್ಕದಲ್ಲಿ 85 ಬಿಎಚ್‌ಪಿ ಇರುವ 1.3 ಲೀಟರ್ ಎಂಜಿನ್ ನಮ್ಮ ಎತ್ತರಕ್ಕೆ ಬಂದಾಗ 79ಕ್ಕೆ ಇಳಿದಿರುತ್ತದೆ. 5 ಪಿಎಸ್‌ಐ ಅದನ್ನು 90ರ ಹತ್ತಿರಕ್ಕೆ ತರುತ್ತದೆ. "ಇಷ್ಟೇನಾ?" ಅನ್ನಬೇಡಿ. 2,500 ಸುತ್ತಿನಿಂದಲೇ ಎಳೆತ ಸಿಗುತ್ತದೆ, ಹಳೆಯ ಕಾರಿನಲ್ಲಿ ಅದು ಚೆನ್ನಾಗಿಯೇ ಗೊತ್ತಾಗುತ್ತದೆ.

ಹೊಸ ಕಾಲದ 10.5, 11 ಕಂಪ್ರೆಷನ್ನಿನ ಎಂಜಿನ್ನಿಗೆ ಟರ್ಬೊ ಹಾಕುವ ಆಸೆ ಇದ್ದರೆ ನಿಮಗೂ ಇದೇ ಕೊನೆಯ ಮೆಟ್ಟಿಲು, ಅದೂ ಇಂಟರ್‌ಕೂಲರ್ ಜೊತೆಗೆ. ನನ್ನನ್ನು ಕೇಳಿದರೆ ಅಂಥ ಎಂಜಿನ್ನನ್ನು ಸುಮ್ನೆ ಬಿಟ್ಟುಬಿಡಿ.

7 ಪಿಎಸ್‌ಐ

ನನ್ನ ಕಾರು ಈಗ ಇರುವುದು ಇಲ್ಲೇ. ಇಂಟರ್‌ಕೂಲರ್ ಇದೆ. 105 ಬಿಎಚ್‌ಪಿ ಆಸುಪಾಸು ಇರಬೇಕು. ಶಕ್ತಿ ಅಳೆಯುವ ಡೈನೋ ಮೇಲೆ ಹಾಕಿಲ್ಲ, ಗಾಳಿಯ ಲೆಕ್ಕ ಅಷ್ಟೇ.

ಇಲ್ಲಿಂದ ಪೆಟ್ರೋಲಿನ ಲೆಕ್ಕ ತಪ್ಪಿದರೆ ಕ್ಷಮೆ ಇಲ್ಲ. ಒಂದು ಬಿಎಚ್‌ಪಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಪೆಟ್ರೋಲ್ ಬೇಕು ಅಂತ ಹಿಡಿಯಿರಿ. ಟರ್ಬೊ ಎಂಜಿನ್ನು ತಂಪಿಗಾಗಿ ಸ್ವಲ್ಪ ಜಾಸ್ತಿಯೇ ಕುಡಿಯುತ್ತದೆ. 110 ಬಿಎಚ್‌ಪಿಗೆ 690 ಸಿಸಿ. ಪೆಟ್ರೋಲ್ ಸಿಂಪಡಿಸುವ ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ 173. ಇಂಜೆಕ್ಟರನ್ನು 80 ಪರ್ಸೆಂಟಿಗಿಂತ ಜಾಸ್ತಿ ಹೊತ್ತು ತೆರೆದಿಡಬಾರದು, ಹಾಗಾಗಿ 216 ಸಿಸಿಯದು ಬೇಕು. ಪೆಟ್ರೋಲಿಗೆ 20 ಪರ್ಸೆಂಟ್ ಎಥೆನಾಲ್ ಬೆರೆತಿರುವುದರಿಂದ ಇನ್ನೊಂದು 8 ಪರ್ಸೆಂಟ್ ಸೇರಿಸಿ, 235 ಆಯಿತು. ಅಂಗಡಿಯಲ್ಲಿ 240ರದ್ದು ಕೇಳಿ.

ಇನ್ನು ಪೆಟ್ರೋಲ್ ಪ್ರೆಶರ್. ಆ ಪ್ರೆಶರನ್ನು ಹಿಡಿದಿಡುವ ರೆಗ್ಯುಲೇಟರಿನ ಸಣ್ಣ ಪೈಪು ಮ್ಯಾನಿಫೋಲ್ಡಿಗೆ ಸೇರಿರಬೇಕು. ಬೂಸ್ಟ್ ಅರ್ಧ ಬಾರ್ ಏರಿದರೆ ಪೆಟ್ರೋಲ್ ಪ್ರೆಶರೂ 3ರಿಂದ 3.5 ಬಾರ್‌ಗೆ ಏರಬೇಕು. ಏರದಿದ್ದರೆ ಬೂಸ್ಟ್ ಗಾಳಿ ಪೆಟ್ರೋಲನ್ನು ಹಿಂದಕ್ಕೆ ಒತ್ತಿದ ಹಾಗೆ. ಹಳೆಯ ಪಂಪು ಗ್ಯಾರೇಜಿನಲ್ಲಿ ನಿಂತಾಗ ಚೆನ್ನಾಗಿಯೇ ಇರುತ್ತದೆ, ಪೂರ್ತಿ ಲೋಡಿನಲ್ಲಿ ಕೈ ಕೊಡುತ್ತದೆ. ಗೇಜನ್ನು ಗ್ಲಾಸಿನ ಹೊರಗೆ ಕಾಣುವ ಹಾಗೆ ಟೇಪು ಹಾಕಿ ಓಡಿಸಿ ನೋಡಿ.

ಹೊಗೆ ನೋಡಿ ಗಾಳಿ, ಪೆಟ್ರೋಲಿನ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇಲ್ಲದೆ 7ಕ್ಕೆ ಹೋಗಬೇಡಿ. ಮೀಟರನ್ನು ಲ್ಯಾಂಬ್ಡಾದಲ್ಲಿ ಓದಿ: 1 ಅಂದರೆ ಸರಿಸಮ ಮಿಶ್ರಣ, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ. ಬೂಸ್ಟ್ ಇರುವಾಗ 0.78ರಿಂದ 0.82 ಇರಲಿ. ಶುದ್ಧ ಪೆಟ್ರೋಲಿನ ಕಾಲದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅನ್ನೋದು ಸರಿಸಮ ಮಿಶ್ರಣ ಆಗಿತ್ತು. ಇ20ಗೆ (20 ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲಿಗೆ) ಅದು 13.5ರ ಹತ್ತಿರ. ಲ್ಯಾಂಬ್ಡಾ ಹಿಡಿದರೆ ಈ ತಲೆನೋವು ಇಲ್ಲ.

ಇಗ್ನಿಷನ್ ಟೈಮಿಂಗನ್ನು, ಅಂದರೆ ಪ್ಲಗ್ಗಿನ ಕಿಡಿ ಹಾರುವ ಹೊತ್ತನ್ನು, ಪ್ರತಿ ಪಿಎಸ್‌ಐಗೆ 1 ಡಿಗ್ರಿ ಹಿಂದಕ್ಕೆ ತಂದು ಶುರು ಮಾಡಿ. 7 ಪಿಎಸ್‌ಐಗೆ 7 ಡಿಗ್ರಿ. ಆಮೇಲೆ ಬೇಕಾದರೆ ಅರ್ಧರ್ಧ ಡಿಗ್ರಿ ಕೊಡಿ. ಪ್ಲಗ್ ಒಂದು ಮೆಟ್ಟಿಲು ತಣ್ಣನೆಯದು ಹಾಕಿ, ಗ್ಯಾಪ್ 0.7 ಮಿ.ಮೀ. ಮಾಡಿ. 1.1 ಬಿಟ್ಟರೆ ಬೂಸ್ಟ್ ಗಾಳಿ ಕಿಡಿಯನ್ನೇ ಊದಿಬಿಡುತ್ತದೆ.

ಈ ಮಟ್ಟಕ್ಕೆ ಮೂರು ಬಗೆಯಲ್ಲಿ ಪೆಟ್ರೋಲ್ ಕೊಡುವವರಿದ್ದಾರೆ. ಬೂಸ್ಟಿಗೆ ತಕ್ಕ ಹಾಗೆ ಪ್ರೆಶರ್ ಹಲವು ಪಟ್ಟು ಏರಿಸುವ ರೆಗ್ಯುಲೇಟರ್, ಕಂಪನಿ ಕಂಪ್ಯೂಟರಿಗೆ ಸುಳ್ಳು ಹೇಳುವ ಪಿಗ್ಗಿಬ್ಯಾಕ್, ಪೂರ್ತಿ ಬೇರೆ ಕಂಪ್ಯೂಟರ್. ಮೊದಲನೆಯದು 5 ಪಿಎಸ್‌ಐಗೆ ಪರವಾಗಿಲ್ಲ. ಅದರಲ್ಲಿ ಟೈಮಿಂಗ್ ತಿದ್ದಲು ಆಗುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಪಿಗ್ಗಿಬ್ಯಾಕ್ 7ರವರೆಗೆ ಹೇಗೋ ಎಳೆಯುತ್ತದೆ. ಬೇರೆ ಕಂಪ್ಯೂಟರ್ ದುಬಾರಿ, ಕಲಿಯಲು ತಿಂಗಳುಗಟ್ಟಲೆ ಬೇಕು. ನಾನು ಎರಡನೆಯದರಿಂದ ಶುರು ಮಾಡಿ ಮೂರನೆಯದಕ್ಕೆ ಬಂದೆ. ಮೊದಲೇ ಬಂದಿದ್ದರೆ ಎರಡು ಸಲ ದುಡ್ಡು ಕೊಡುವುದು ತಪ್ಪುತ್ತಿತ್ತು.

10 ಪಿಎಸ್‌ಐ, ಮತ್ತು ನನ್ನ ಮೂರನೇ ಸಿಲಿಂಡರಿನ ಪಿಸ್ಟನ್

ಒಂದು ಡಿಸೆಂಬರಿನಲ್ಲಿ ನಾನು 10 ಪಿಎಸ್‌ಐ ಇಟ್ಟೆ. ಬೆಳಿಗ್ಗೆ ಆರೂವರೆ, ಹೊರಗೆ 18 ಡಿಗ್ರಿ, ಟ್ಯಾಂಕಿನಲ್ಲಿ 95 ಆಕ್ಟೇನ್ ಪೆಟ್ರೋಲ್. ಪರಿಚಯದವರ ಲೇಔಟ್ ಒಂದಿತ್ತು. ರಸ್ತೆ ಆಗಿದೆ, ಕರೆಂಟ್ ಕಂಬ ನಿಂತಿದೆ, ಸೈಟು ಮಾತ್ರ ಒಂದೂ ಹೋಗಿಲ್ಲ. ಅವರನ್ನು ಕೇಳಿಯೇ ಗೇಟು ಹಾಕಿಕೊಂಡು ಓಡಿಸಿದೆ. ಕಾರು ಚಿರತೆ ಹಾಗೆ ನುಗ್ಗಿತು. ಪ್ಲಗ್ ಬಿಚ್ಚಿ ನೋಡಿದರೆ ಬೆಳ್ಳಗಿವೆ, ಒಂದು ಚುಕ್ಕೆ ಇಲ್ಲ. "ಗೆದ್ದೆ" ಅಂದುಕೊಂಡು ಬೂಸ್ಟನ್ನು ಹಾಗೇ ಬಿಟ್ಟೆ.

ಏಪ್ರಿಲಿನಲ್ಲಿ ಗೆಳೆಯ ನೋಡಬೇಕು ಅಂದ. ಮಧ್ಯಾಹ್ನ ಎರಡು ಗಂಟೆ. ಟ್ಯಾಂಕಿನಲ್ಲಿ ಸಾಮಾನ್ಯ ಪೆಟ್ರೋಲ್. ಅದೇ ಲೇಔಟು, ಅದೇ ಮೂರನೇ ಗೇರು. ಮೊದಲ ಎರಡು ಓಟ ಸರಿಯಾಗಿಯೇ ಆಯಿತು. ಮೂರನೆಯದರಲ್ಲಿ ಎಳೆತ ಸ್ವಲ್ಪ ಬಿದ್ದ ಹಾಗೆ ಅನಿಸಿತು. ನಿಲ್ಲಿಸಿ ಬಾನೆಟ್ ಎತ್ತಿದರೆ ಎಣ್ಣೆ ಅಳೆಯುವ ಕಡ್ಡಿ ಅದರ ಜಾಗದಿಂದ ಮೇಲೆ ಎದ್ದು ಕೂತಿದೆ, ಬ್ರೀದರ್ ಪೈಪಿನಿಂದ ಹೊಗೆ. ಗೇಜು ಹಾಕಿ ಸಿಲಿಂಡರುಗಳ ಕಂಪ್ರೆಷನ್ ಒತ್ತಡ ನೋಡಿದರೆ ಉಳಿದ ಮೂರರಲ್ಲಿ 160, 165 ಪಿಎಸ್‌ಐ ಬರುತ್ತಿದೆ. ಮೂರನೇ ಸಿಲಿಂಡರಿನಲ್ಲಿ 90.

ಹೆಡ್ ಬಿಚ್ಚಿ ಪಿಸ್ಟನ್ ಹೊರಗೆ ತೆಗೆದೆ. ಮೊದಲ, ಎರಡನೇ ರಿಂಗಿನ ನಡುವಿನ ಅಂಚು ಬೆರಳುಗುರಿನಷ್ಟು ಒಡೆದು ಹೋಗಿತ್ತು. ಲೇತ್ ಅಂಗಡಿಯ ಯಜಮಾನರಿಗೆ ತೋರಿಸಿದೆ. ಹರಿಹರದ ಕಿರ್ಲೋಸ್ಕರ್ ಲೇತುಗಳ ಮೇಲೆ ಕೈ ಪಳಗಿಸಿಕೊಂಡ ಹಿರಿಯರು ಅವರು. ಪಿಸ್ಟನ್ ತಿರುಗಿಸಿ ನೋಡಿ, "ತಮ್ಮಾ, ರಿಂಗಿನ ಗ್ಯಾಪು ಎಷ್ಟಿತ್ತು?" ಅಂದರು.

"ಕಂಪನಿ ಹೇಳಿದಷ್ಟೇ ಯಜಮಾನ್ರೇ, 0.25."

"ಕಂಪನಿಯೋರು ನಿಂಗೆ ಟರ್ಬೊ ಹಾಕು ಅಂದಿದ್ರಾ?"

ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ರಿಂಗು ಬಿಸಿಗೆ ಬೆಳೆಯುತ್ತದೆ. ಗ್ಯಾಪ್ ಸಾಲದಿದ್ದರೆ ಎರಡು ತುದಿ ಒಂದಕ್ಕೊಂದು ಮುಟ್ಟಿ, ರಿಂಗು ಸಿಲಿಂಡರಿಗೆ ಕಚ್ಚಿಕೊಂಡು, ಅಂಚನ್ನೇ ಕಿತ್ತುಕೊಂಡು ಬರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಬೋರಿನ ಸಾವಿರದಲ್ಲಿ 4 ಪಾಲು ಗ್ಯಾಪ್ ಸಾಕು, ಟರ್ಬೊಗೆ 5 ಪಾಲು ಬೇಕು. 74 ಮಿ.ಮೀ. ಬೋರಿಗೆ 0.37. ನನ್ನದು 0.25. ಅದರ ಮೇಲೆ ಬಿಸಿಲು, ಕಡಿಮೆ ಆಕ್ಟೇನ್, ಸತತ ಮೂರು ಓಟಕ್ಕೆ ಕಾದ ಇಂಟರ್‌ಕೂಲರ್. ನಾಕ್ ಆಯಿತೋ ರಿಂಗು ಮುಟ್ಟಿತೋ, ಎರಡೂ ಆಯಿತೋ, ಪ್ಲಗ್ಗಿನಲ್ಲಿ ಮಾತ್ರ ಅಲ್ಯೂಮಿನಿಯಂ ಕಾಳು ಹೊಳೆಯುತ್ತಿತ್ತು.

ತಪ್ಪು ಎಲ್ಲಿ ಅಂತ ಈಗ ಗೊತ್ತು. ಡಿಸೆಂಬರ್ ಬೆಳಗಿನಲ್ಲಿ ಸರಿ ಬಂದ ಸಂಖ್ಯೆಯನ್ನು ವರ್ಷಪೂರ್ತಿ ಸರಿ ಅಂದುಕೊಂಡೆ. ನಮ್ಮ ಕಡೆ ಬೂಸ್ಟ್ ನಿಗದಿ ಮಾಡಬೇಕಾದದ್ದು ಏಪ್ರಿಲಿನ ಎರಡು ಗಂಟೆಗೆ.

ಹಾಗಾದರೆ 10 ಪಿಎಸ್‌ಐ ಆಗುವುದೇ ಇಲ್ಲವಾ? ಆಗುತ್ತದೆ. ಇಂಟರ್‌ಕೂಲರ್ ಇದ್ದರೆ ಸುಮಾರು 59 ಪರ್ಸೆಂಟ್ ಜಾಸ್ತಿ ಗಾಳಿ, ಅದು ಸಣ್ಣ ಮಾತಲ್ಲ. ಅದಕ್ಕೆ ಫೋರ್ಜ್ಡ್ ಪಿಸ್ಟನ್, ಅಗಲ ಮಾಡಿದ ರಿಂಗ್ ಗ್ಯಾಪ್, ಪದರ ಪದರದ ಸ್ಟೀಲ್ ಹೆಡ್ ಗ್ಯಾಸ್ಕೆಟ್, ಗಟ್ಟಿ ಹೆಡ್ ಸ್ಟಡ್, ಬೇರೆ ಕಂಪ್ಯೂಟರ್, ಸಾಧ್ಯವಾದರೆ ಎಣ್ಣೆಗೂ ಒಂದು ಕೂಲರ್ ಬೇಕು. ಪಟ್ಟಿಯ ಖರ್ಚು ಕೂಡಿಸಿದರೆ ಹಳೆಯ ಕಾರಿನ ಬೆಲೆ ದಾಟುತ್ತದೆ.

ಕಂಪ್ರೆಷನ್ ಇಳಿಸುವ ಉಪಾಯವನ್ನೂ ಹಲವರು ಹೇಳುತ್ತಾರೆ. ಗ್ಯಾಸ್ಕೆಟ್ 1 ಮಿ.ಮೀ. ದಪ್ಪ ಮಾಡಿದರೆ 74 ಮಿ.ಮೀ. ಬೋರಿಗೆ 4.3 ಸಿಸಿ ಜಾಗ ಸೇರುತ್ತದೆ, 9.5 ಇದ್ದ ಕಂಪ್ರೆಷನ್ 8.6ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಚೆಂದ. ಆದರೆ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿನ ಅಂಚಿಗೆ ಹತ್ತಿರ ಹೋಗಿ ಮಿಶ್ರಣವನ್ನು ನಡುವಿಗೆ ಹಿಂಡುತ್ತದೆ. ಬೆಂಕಿ ಬೇಗ ಹರಡಲು ಈ ಹಿಂಡುವಿಕೆಯೇ ಕಾರಣ. ಸಂದು ಅಗಲವಾದರೆ ಅದು ಹೋಗುತ್ತದೆ, ಮೂಲೆಯ ಮಿಶ್ರಣ ಸಿಡಿಯಲು ಹೊತ್ತು ಸಿಗುತ್ತದೆ. ಇಳಿಸಿದ ಕಂಪ್ರೆಷನ್ನಿನ ಲಾಭದಲ್ಲಿ ಅರ್ಧ ಇಲ್ಲೇ ಕಳೆಯಬಹುದು. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಇಡುವವರಿಗೆ ನಾನು ಏನೂ ಹೇಳುವುದಿಲ್ಲ.

15 ಪಿಎಸ್‌ಐ

"ಶೋರೂಮಿನ ಟರ್ಬೊ ಪೆಟ್ರೋಲ್ ಕಾರು 1 ಬಾರ್ ದಾಟುತ್ತದೆ, ನನ್ನದು ಯಾಕೆ ದಾಟಬಾರದು?" ಅಂತ ಕೇಳುತ್ತಾರೆ. ಆ ಎಂಜಿನ್ನುಗಳಲ್ಲಿ ಹಲವಕ್ಕೆ ಪೆಟ್ರೋಲ್ ನೇರ ಸಿಲಿಂಡರಿಗೆ ಸಿಂಪಡಿಸಿ ಒಳಗೇ ತಂಪು ಮಾಡುವ ಏರ್ಪಾಟು ಇದೆ. ಪಿಸ್ಟನ್ನಿನ ಅಡಿಗೆ ಎಣ್ಣೆ ಚಿಮ್ಮುತ್ತದೆ. ನಾಕ್ ಸೆನ್ಸರ್ ಒಂದೊಂದು ಸಿಲಿಂಡರನ್ನೂ ಕಾಯುತ್ತಾ ಟೈಮಿಂಗ್ ಹಿಂದಕ್ಕೆ ಎಳೆಯುತ್ತಿರುತ್ತದೆ. ಬ್ಲಾಕೇ ಆ ಲೆಕ್ಕದಲ್ಲಿ ಎರಕ ಆಗಿರುತ್ತದೆ. ನಮ್ಮ ಹಳೆಯ ಎಂಜಿನ್ನಿಗೆ ಇದರಲ್ಲಿ ಒಂದೂ ಇಲ್ಲ. ಇಷ್ಟು ಒತ್ತಡಕ್ಕೆ ರಾಡ್ ಬಾಗುವುದೂ ಉಂಟು, ಅದರಲ್ಲೂ ಕಡಿಮೆ ಸುತ್ತಿನಲ್ಲಿ ಬೂಸ್ಟ್ ಒಮ್ಮೆಗೇ ಬಂದರೆ.

ಪೆಟ್ರೋಲ್ ಯಾವುದು?

ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 91 ಅಂತ ಹಿಡಿದೇ ಟ್ಯೂನ್ ಮಾಡಿ. ಎಥೆನಾಲಿನ ಆಕ್ಟೇನ್ ಜಾಸ್ತಿ, ಆವಿಯಾಗುವಾಗ ತಂಪೂ ಕೊಡುತ್ತದೆ. ಆ ಲಾಭ ಇರಲಿ, ಅದನ್ನು ನಂಬಿ ಬೂಸ್ಟ್ ಏರಿಸಬೇಡಿ. ನಮ್ಮ ಮೆಕ್ಕೆಜೋಳದಿಂದಲೂ ಎಥೆನಾಲ್ ತೆಗೆಯುತ್ತಾರೆ, ದಾವಣಗೆರೆ ಜಿಲ್ಲೆಯವರಿಗೆ ಅದೊಂದು ಸಮಾಧಾನ!

ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್ ಊರಿನಲ್ಲಿ ಸಿಗುತ್ತದೆ. ಜಗಳೂರು, ಚಳ್ಳಕೆರೆ, ಹೊಸದುರ್ಗದ ಹಾದಿಯ ಎಲ್ಲ ಬಂಕಿನಲ್ಲೂ ಸಿಗುತ್ತದೆ ಅನ್ನುವ ಭರವಸೆ ಬೇಡ. ಕಾರನ್ನು ಟ್ರ್ಯಾಕಿಗೆ ಒಯ್ಯುವಾಗ ಕ್ಯಾನಿನಲ್ಲಿ ಹೊತ್ತೊಯ್ಯುವುದೂ ಕಷ್ಟ. ನಿಮಗೆ ಸಿಗಬಹುದಾದ ಅತಿ ಕೆಟ್ಟ ಪೆಟ್ರೋಲಿಗೆ ಬೂಸ್ಟ್ ಇಡಿ, ಒಳ್ಳೆಯದು ಹಾಕಿದ ದಿನ ಎಂಜಿನ್ ಸುಖವಾಗಿರಲಿ. ಇ20 ನೀರನ್ನು ಹೀರಿಕೊಳ್ಳುತ್ತದೆ ಅನ್ನುವುದೂ ನೆನಪಿರಲಿ. ತಿಂಗಳುಗಟ್ಟಲೆ ನಿಂತ ಕಾರಿನ ಹಳೆಯ ಪೆಟ್ರೋಲು ಬಸಿದು ಹೊಸದು ಹಾಕಿಯೇ ಬೂಸ್ಟ್ ಕೊಡಿ. ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಿ.

ಬೂಸ್ಟ್ ಹಿಡಿದಿಡುವುದು

ಬೂಸ್ಟ್ ಸಾಕಾದಾಗ ತೆರೆದು ಹೊಗೆಯನ್ನು ಟರ್ಬೊ ಬಳಸಿ ಹೊರಗೆ ಬಿಡುವ ಬಾಗಿಲೇ ವೇಸ್ಟ್‌ಗೇಟ್. ಮನೆಯಲ್ಲಿ ಮಾಡುವ ಕೆಲಸಕ್ಕೆ ಅದರ ಸ್ಪ್ರಿಂಗಷ್ಟೇ ಸಾಕು. 0.5 ಬಾರ್ ಸ್ಪ್ರಿಂಗ್ ಇದ್ದರೆ ಅದಕ್ಕಿಂತ ಕಡಿಮೆ ಬೂಸ್ಟ್ ಇಡಲು ಯಾವ ಕಂಟ್ರೋಲರಿನಿಂದಲೂ ಆಗುವುದಿಲ್ಲ. ಹಾಗಾಗಿ ಮೊದಲು 0.35 ಬಾರ್‌ನ ಆಕ್ಚುಯೇಟರ್ (ಸ್ಪ್ರಿಂಗ್ ಒಳಗಿರುವ, ವೇಸ್ಟ್‌ಗೇಟ್ ತೆರೆಯುವ ಡಬ್ಬಿ) ಹುಡುಕಿ. ಕೈಯಿಂದ ತಿರುಗಿಸುವ ಬೂಸ್ಟ್ ಕಂಟ್ರೋಲರ್ ಅಗ್ಗ, ಅದೇ ಅದರ ಕೆಟ್ಟ ಗುಣ. ಗೆಳೆಯರು ಬಂದಾಗ ಕೈ ಸುಮ್ಮನಿರುವುದಿಲ್ಲ.

ಸಣ್ಣ ಡೀಸೆಲ್ ಕಾರಿನ ಟರ್ಬೊ ತರುವವರಿಗೆ ಒಂದು ಎಚ್ಚರ. ಡೀಸೆಲ್ ಎಂಜಿನ್ 4,500 ಸುತ್ತಿಗೆ ಮುಗಿಸುತ್ತದೆ, ಪೆಟ್ರೋಲ್ ಎಂಜಿನ್ 6,000 ದಾಟುತ್ತದೆ. ಅಷ್ಟು ಗಾಳಿ ಆ ಪುಟ್ಟ ಟರ್ಬೊಗೆ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತದೆ. ಹೊಗೆ ಹಿಂದಕ್ಕೆ ಒತ್ತುತ್ತದೆ, ಕಾವು ಏರುತ್ತದೆ. ಪೆಟ್ರೋಲ್ ಹೊಗೆಯ ಕಾವು ಡೀಸೆಲಿಗಿಂತ ಜಾಸ್ತಿ, 900 ಡಿಗ್ರಿ ಮುಟ್ಟಬಹುದು. ಒಳಗೆ ತಿರುಗುವ ಎಲೆಗಳಿರುವ ವಿಜಿಟಿ ಟರ್ಬೊ ಇದಕ್ಕೆ ಬಾಳುವುದಿಲ್ಲ. ಸಾದಾ ವೇಸ್ಟ್‌ಗೇಟ್ ಇರುವುದನ್ನೇ ಆರಿಸಿ. ಟರ್ಬೊದಿಂದ ಎಣ್ಣೆ ಕೆಳಗೆ ಬರುವ ಪೈಪು ಅಗಲವಾಗಿರಲಿ, ಎಲ್ಲೂ ಮೇಲಕ್ಕೆ ಹತ್ತದೆ ಸೀದಾ ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಗೆ ಇಳಿಯಲಿ.

ಏರ್ ಫಿಲ್ಟರ್ ಬಗ್ಗೆಯೂ ಒಂದು ಮಾತು. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ನಮ್ಮ ಊರುಗಳ ಧೂಳು ಗೊತ್ತಲ್ಲ? ಸಣ್ಣ ಟರ್ಬೊದ ಕಂಪ್ರೆಸರ್ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ. ಅದರ ಬಾಯಿಗೆ ಬರೀ ಜಾಲರಿ ಕಟ್ಟಿ ಓಡಿಸಬೇಡಿ. ಫಿಲ್ಟರ್ ಕಟ್ಟಿಕೊಂಡರೂ ಕಷ್ಟವೇ. ಟರ್ಬೊ ಅದೇ ಬೂಸ್ಟಿಗೆ ಜಾಸ್ತಿ ತಿರುಗಿ ಜಾಸ್ತಿ ಕಾಯುತ್ತದೆ.

ಬೂಸ್ಟ್ ಇಟ್ಟ ಮೇಲೆ ಮೂರನೇ ಗೇರಿನಲ್ಲಿ 3,000ದಿಂದ 6,000 ಸುತ್ತಿನವರೆಗೆ ಎಳೆದು ಮೀಟರ್ ನೋಡಿ. ಮುಳ್ಳು 5ಕ್ಕೆ ಬಂದು ಅಲ್ಲೇ ನಿಲ್ಲಬೇಕು. ಸುತ್ತು ಏರಿದ ಹಾಗೆ 6, 7, 8 ಅಂತ ತೆವಳುತ್ತಾ ಹೋದರೆ ವೇಸ್ಟ್‌ಗೇಟಿನ ತೂತು ಸಾಲುತ್ತಿಲ್ಲ ಅಂತ ಅರ್ಥ. ಸೈಲೆನ್ಸರ್ ದೊಡ್ಡದು ಮಾಡಿದಾಗ ಇದು ಜಾಸ್ತಿ. ಆಕ್ಚುಯೇಟರ್ ಬದಲಿಸಿದರೆ ಹೋಗುವುದಿಲ್ಲ. ಟರ್ಬೊ ಬಿಚ್ಚಿ ಆ ತೂತನ್ನು ಲೇತ್ ಅಂಗಡಿಯಲ್ಲಿ ಅಗಲ ಮಾಡಿಸಬೇಕು, ಮುಚ್ಚಳ ಪೂರ್ತಿ ಮುಚ್ಚುವಷ್ಟು ಅಂಚು ಬಿಟ್ಟು.

ಕಂಪ್ಯೂಟರಿನಲ್ಲಿ ಫ್ಯುಯೆಲ್ ಕಟ್ ಇಡುವುದನ್ನು ಮಾತ್ರ ತಪ್ಪಿಸಬೇಡಿ. 7 ಪಿಎಸ್‌ಐಗೆ ನಮ್ಮ ಎತ್ತರದಲ್ಲಿ ಮ್ಯಾಪ್ ಸೆನ್ಸರ್ 142 ಕಿಲೋಪಾಸ್ಕಲ್ ತೋರಿಸುತ್ತದೆ. ಕಟ್ 160ಕ್ಕೆ ಇಡಿ. ಕಾರಣ ಆಕ್ಚುಯೇಟರಿಗೆ ಹೋಗುವ ಪೆನ್ಸಿಲ್ ದಪ್ಪದ ಆ ಒಂದು ಪೈಪು. ಅದು ಬಿಸಿಗೆ ಸೀಳಿದರೆ ಇಲ್ಲವೇ ಕಳಚಿಕೊಂಡರೆ ವೇಸ್ಟ್‌ಗೇಟ್ ತೆರೆಯುವುದೇ ಇಲ್ಲ, ಬೂಸ್ಟ್ ಟರ್ಬೊಗೆ ಸಾಧ್ಯವಾದಷ್ಟೂ ಏರುತ್ತದೆ. ನಾನು ಅದಕ್ಕೆ ಸಿಲಿಕಾನ್ ಪೈಪು ಹಾಕಿ, ಎರಡೂ ತುದಿಗೆ ಕ್ಲಿಪ್ಪು ಬಿಗಿದಿದ್ದೇನೆ. ಪ್ರತಿ ಸಲ ಎಣ್ಣೆ ಕಡ್ಡಿ ನೋಡುವಾಗ ಆ ಕ್ಲಿಪ್ಪನ್ನೂ ಒಮ್ಮೆ ಎಳೆದು ನೋಡುತ್ತೇನೆ.